ಮೊದಲ ಕಾರು ಹೋದ ಮೇಲೆ

ಒಣಗಿದ ಹುರುಳಿ ಗಿಡದ ಮೇಲೆ ಟೈರು ಹರಿದರೆ ಒಂದು ಸದ್ದು ಬರುತ್ತದೆ. ಒಗ್ಗರಣೆಗೆ ಸಾಸಿವೆ ಸಿಡಿದಂತೆ, ಆದರೆ ಅದಕ್ಕಿಂತ ಒಣಕಲು. ನಮ್ಮ ಕಡೆ ಬಸ್ಸಿನಲ್ಲಿ ಓಡಾಡಿದವರಿಗೆಲ್ಲ ಗೊತ್ತಿರುವ ಸದ್ದು. ಆ ದಿನ ಅದನ್ನು ನಾನು ವಾಕಿಟಾಕಿಯಲ್ಲಿ ಕೇಳಿದೆ. ತಿರುವಿನ ಆಚೆ ರಸ್ತೆ ಕಾಯಲು ನಿಂತಿದ್ದ ಮಾರ್ಷಲ್ "ಎರಡನೇ ಕಾರಿನ ಸೌಂಡ್ ಬರ್ತಾ ಇದೆ" ಎಂದು ಹೇಳಲು ಬಟನ್ ಒತ್ತಿದ್ದ. ಅವನ ಮಾತಿನ ಹಿಂದೆ ಚಟಚಟ ಎಂದಿತು. ಆಮೇಲೆ ಏನನ್ನೋ ನೆಲದ ಮೇಲೆ ಉದ್ದಕ್ಕೆ ಎಳೆದ ಹಾಗೆ. ಆಮೇಲೆ ಅವನು ಬಟನ್ ಬಿಟ್ಟ. ಅಲ್ಲೇ ಹತ್ತಿರದ ಕಂಟ್ರೋಲ್ ಟೆಂಟಿನಲ್ಲಿದ್ದ ನಾವೆಲ್ಲ ಆ ಕಪ್ಪು ಡಬ್ಬಿಯನ್ನೇ ನೋಡುತ್ತಾ ಕೂತೆವು.

ಅದು ನಮ್ಮ ಕ್ಲಬ್ಬಿನ ಅಮೆಚೂರ್ ರ‍್ಯಾಲಿ. ಸಂಕ್ರಾಂತಿ ಕಳೆದ ಮೇಲೆ, ಎರಡು ದಿನದ್ದು. ಮೊದಲ ದಿನ ಪಿರಿಯಾಪಟ್ಟಣದ ಕಡೆ ರಾವಂದೂರಿನ ಸುತ್ತ, ಅಲ್ಲಿಂದ ಕೆ.ಆರ್. ನಗರದ ಭೇರ್ಯ. ಎರಡನೇ ದಿನ ಎಚ್.ಡಿ. ಕೋಟೆ ಕಡೆಯ ಹಳ್ಳಿಗಳು. ಬಿಡಾರ ಹುಣಸೂರಿನಲ್ಲಿ, ಒಂದು ಟಿಂಬರ್ ಡಿಪೋದ ಮೈದಾನದಲ್ಲಿ. ಓಡಿಸುವವರು ಯಾರೂ ಇದರಿಂದ ಹೊಟ್ಟೆ ಹೊರೆಯುವವರಲ್ಲ. ಹೊಗೆಸೊಪ್ಪು ಬೆಳೆಯುವವರು, ಗ್ಯಾರೇಜಿನವರು, ಒಬ್ಬರು ಹಲ್ಲಿನ ಡಾಕ್ಟರು. ಒಂದಷ್ಟು ದೂರದ ರಸ್ತೆಯನ್ನು ಮುಚ್ಚಿ, ಅದರ ಮೇಲೆ ಎರಡೆರಡು ನಿಮಿಷದ ಅಂತರದಲ್ಲಿ ಒಂದೊಂದೇ ಕಾರನ್ನು ಬಿಡುತ್ತಾರೆ. ಯಾರು ಬೇಗ ದಾಟುತ್ತಾರೋ ಅವರು ಮುಂದೆ. ಆ ತುಂಡು ರಸ್ತೆಗೆ ಸ್ಟೇಜ್ ಎಂದು ಹೆಸರು. ಎರಡನೇ ದಿನ, ಮೊದಲ ದಿನ ಮುಂದಿದ್ದವರೇ ಮೊದಲು ಹೊರಡುತ್ತಾರೆ.

ನಾನು ಮೂವರು ಸ್ಟೂವರ್ಡ್‌ಗಳಲ್ಲಿ ಹಿರಿಯಳು. ಸ್ಟೂವರ್ಡ್ ಎಂದರೆ ರ‍್ಯಾಲಿ ನಡೆಸುವವರಲ್ಲ. ತಕರಾರು ಬಂದರೆ ಎರಡೂ ಕಡೆ ಕೇಳಿ ತೀರ್ಮಾನ ಕೊಡುವವರು. ನಡೆಸುವವರಿಗೆ ಕ್ಲರ್ಕ್ ಆಫ್ ದ ಕೋರ್ಸ್ ಎನ್ನುತ್ತಾರೆ. ಹೆಸರಿಗೆ ಕ್ಲರ್ಕ್, ಅಲ್ಲಿ ಅವರದೇ ಯಜಮಾನಿಕೆ. ಆದರೆ ರೂಲ್ ಬುಕ್ಕಿನಲ್ಲಿ ಇಲ್ಲದ ಇನ್ನೊಂದು ಕೆಲಸ ವರ್ಷಗಳಿಂದ ನನ್ನ ಪಾಲಿಗೆ ಬಂದಿತ್ತು. ರಸ್ತೆ ಮುಚ್ಚಲು ಸರ್ಕಾರದ ಪರ್ಮಿಷನ್ನನ್ನು ಕ್ಲರ್ಕ್ ತರುತ್ತಿದ್ದರು. ಊರಿನವರ ಪರ್ಮಿಷನ್ ಕೇಳಲು ನಾನು ಹೋಗುತ್ತಿದ್ದೆ. ಬಿಳಿ ಕೂದಲಿನ ಹೆಂಗಸು ಜಗಲಿ ಮೇಲೆ ಬಂದು ಕೂತರೆ ಊರವರಿಗೆ ಇಲ್ಲ ಎನ್ನುವುದು ಕಷ್ಟ ಎಂಬುದು ಕ್ಲರ್ಕ್ ಕಂಡುಕೊಂಡಿದ್ದ ಸತ್ಯ.

ಕೋಟೆ ಕಡೆಯ ಆ ಊರಿನ ಹೆಸರು ಬೇಡ. ಸ್ಟೇಜು ಮಣ್ಣಿನ ದಾರಿಯಲ್ಲಿ ಶುರುವಾಗಿ, ಊರಿನ ಪಕ್ಕ ಒಂದು ಡಾಂಬರು ತುಂಡನ್ನು ಹಿಡಿದು, ಎಡಕ್ಕೆ ತಿರುಗಿ ಮತ್ತೆ ಮಣ್ಣಿಗೆ ಇಳಿಯುತ್ತಿತ್ತು. ತೊಂದರೆ ಇದ್ದದ್ದು ಆ ಡಾಂಬರಿನಲ್ಲಿ. ಈಗ ಆ ಊರಿನಲ್ಲಿ ಯಾರೂ ಕಣ ಮಾಡುವುದಿಲ್ಲ. ಒಕ್ಕುವ ಕಲ್ಲಿನ ಗುಂಡು ಎಳೆಯಲು ಎತ್ತುಗಳಿಲ್ಲ. ಹುರುಳಿ ಕಿತ್ತು ಒಣಗಿಸಿ ರಸ್ತೆಗೆ ಹರಡುತ್ತಾರೆ. ಬಸ್ಸು, ಲಾರಿ, ಟ್ರಾಕ್ಟರು ಅದರ ಮೇಲೆ ಹೋಗಿ ಹೋಗಿ ಒಕ್ಕಣೆ ಆಗುತ್ತದೆ. ನಮ್ಮ ರ‍್ಯಾಲಿಯ ದಿನಗಳು ಆ ವರ್ಷ ಸರಿಯಾಗಿ ಆ ಸುಗ್ಗಿಗೇ ಬಂದಿದ್ದವು.

ಹಾಲಿನ ಡೈರಿಯ ಜಗಲಿಯಲ್ಲಿ ಮೀಟಿಂಗ್ ಆಯಿತು. ಡೈರಿಯ ಯಜಮಾನರು ಇದ್ದರು, ಒಂದಿಪ್ಪತ್ತು ಜನ ಸೇರಿದ್ದರು. ಮಾತಾಡಿದ್ದೆಲ್ಲ ಒಬ್ಬ ಹೆಂಗಸು. ನನ್ನ ವಯಸ್ಸಿನವರೇ. ರಸ್ತೆ ಪಕ್ಕದ ಹೊಲ ಅವರದು, ಹುರುಳಿ ಹೆಚ್ಚು ಇದ್ದದ್ದೂ ಅವರದೇ.

"ಅಷ್ಟೊಂದು ಕಾರು ಬತ್ತವೆ ಅಂತೀರಿ. ನಮ್ ಉಳ್ಳಿ ಮ್ಯಾಲೆ ಓದ್ರೆ ನಿಮಗೇನವ್ವಾ ನಷ್ಟ? ನಮಗೂ ಒಕ್ಕಣೆ ಆಯ್ತದೆ, ನಿಮಗೂ ಪುಣ್ಯ ಬತ್ತದೆ."

"ಜಾರುತ್ತಮ್ಮಾ," ಎಂದೆ ನಾನು. "ನಿಧಾನ ಹೋಗೋ ಬಸ್ಸಿಗೆ ಪರವಾಗಿಲ್ಲ. ಇವರು ಹೋಗೋ ಸ್ಪೀಡಿಗೆ ಎಣ್ಣೆ ಮೇಲೆ ಹೋದ ಹಾಗೆ ಆಗುತ್ತೆ. ಹುಲ್ಲು ಚಕ್ರಕ್ಕೆ ಸುತ್ತಿಕೊಂಡು ಬೆಂಕಿ ಹತ್ತಿದ್ದೂ ಉಂಟು."

"ಅಷ್ಟ್ ಜೋರಾಗ್ ಓಗಿ ಎಲ್ಲಿಗ್ ಸೇರ್ಕತಾರೆ ಇವರು?" ಎಂದು ಯಾರೋ ಹಿಂದಿನಿಂದ ಕೇಳಿದರು.

"ವೊಂಟ ಜಾಗಕ್ಕೇ ಬತ್ತಾರೆ ಕಣ್ಲಾ. ಅದುಕ್ಕೇ ಅದ್ನ ಆಟ ಅನ್ನೋದು," ಎಂದರು ಯಜಮಾನರು. ಎಲ್ಲರೂ ನಕ್ಕರು. ನಾನೂ ನಕ್ಕೆ.

ಕೊನೆಗೆ ಒಪ್ಪಿಗೆ ಹೀಗಾಯಿತು. ಹುರುಳಿಯನ್ನು ರಸ್ತೆಯ ಅಂಚಿಗೆ ಗುಡ್ಡೆ ಹಾಕಿಕೊಂಡು ಕಾಯಬೇಕು. ಕೊನೆಯ ಕಾರೂ ಹೋದ ಮೇಲೆ ನಾನು ಹೇಳಿ ಕಳಿಸುತ್ತೇನೆ, ಆಮೇಲೆ ಹರಡಬಹುದು. "ನೀವೇ ಯೋಳಿ ಕಳಿಸ್ತೀರಾ?" ಎಂದು ಆ ಹೆಂಗಸು ಮತ್ತೊಮ್ಮೆ ಕೇಳಿದರು. "ನಾನೇ ಹೇಳಿ ಕಳಿಸ್ತೀನಿ. ನನ್ನ ಮಾತು," ಎಂದೆ. ಆ ಊರಿನವರು ಒಂದು ಬಿಸಿಲಿನ ದಿನವನ್ನು ನಮಗೆ ಬಿಟ್ಟುಕೊಟ್ಟದ್ದು ಅದರ ಮೇಲೆ. ನಾನು ಅವರಿಗೆ ಕೊಟ್ಟದ್ದು ಅದೊಂದೇ.

ಇನ್ನು ಮೊದಲ ಕಾರಿನವನ ವಿಷಯ. ಅವನೂ ಹೆಸರಿಲ್ಲದೆ ಇರಲಿ. ನಮ್ಮೂರಿನ ಹತ್ತಿರದವನು, ಮೂವತ್ತು ದಾಟಿದವನು, ಕೆಂಪು ಕಾರು. ಅವನಿಗೆ ರಸ್ತೆ ಓದುವುದನ್ನು ಕಲಿಸಿದ್ದು ನಾನು. ತಿರುವು ಎಷ್ಟು ಬಿಗಿ, ಏರು ದಾಟಿದ ಮೇಲೆ ಏನಿರಬಹುದು, ಎಲ್ಲಿ ಮನಸ್ಸು ಧೈರ್ಯ ಹೇಳಿದರೂ ಕಾಲು ಕೇಳಬಾರದು, ಇದನ್ನೆಲ್ಲ ಪಕ್ಕದ ಸೀಟಿನಲ್ಲಿ ಕೂತು ಹೇಳಿಕೊಟ್ಟಿದ್ದೆ. ನನ್ನನ್ನು ಆಂಟಿ ಎನ್ನುತ್ತಿದ್ದ. ಹಿಂದಿನ ವರ್ಷ ಅವನು ಸ್ಪರ್ಧಿಸಿರಲಿಲ್ಲ. ನನ್ನನ್ನು ಕಾರಿನಲ್ಲಿ ಕೂರಿಸಿಕೊಂಡು ಊರೂರಿನ ಮೀಟಿಂಗಿಗೆ ಕರೆದುಕೊಂಡು ಹೋಗಿದ್ದ. ಆ ಊರಿಗೂ. ನನಗೆ ಕುರ್ಚಿ ಹಾಕಿಕೊಟ್ಟು ತಾನು ಮೆಟ್ಟಿಲ ಮೇಲೆ ಕೂತಿದ್ದ. ಊರವರ ಬಾಯಲ್ಲಿ ಅವನು "ಮೇಡಮ್ಮೋರ ಕಡೆಯೋರು".

ಮೊದಲ ದಿನ ಮುಗಿದಾಗ ಅವನು ಮುಂದಿದ್ದ. ಆದರೆ ಕೂದಲೆಳೆಯಷ್ಟು. ಅವನ ಹಿಂದೆಯೇ ಇದ್ದವಳು ಕೆ.ಆರ್. ನಗರದ ಒಬ್ಬ ಹುಡುಗಿ, ಬಿಳಿ ಕಾರು. ಅಪ್ಪನ ಟ್ರಾಕ್ಟರಿನಲ್ಲಿ ಸ್ಟಿಯರಿಂಗ್ ಹಿಡಿಯುವುದು ಕಲಿತವಳು. ಪಕ್ಕದಲ್ಲಿ ಕೂತು ಮೊದಲೇ ಬರೆದಿಟ್ಟ ನೋಟ್ಸಿನಿಂದ ತಿರುವುಗಳನ್ನು ಓದಿ ಹೇಳುವ ನ್ಯಾವಿಗೇಟರ್ ಅವಳ ಗಂಡ. "ಗಂಡ ಹೇಳಿದ ಹಾಗೆ ಕೇಳೋ ಹೆಂಡತೀನ ನೋಡ್ಬೇಕಾದ್ರೆ ನಮ್ಮ ಕಾರಲ್ಲೇ ನೋಡ್ಬೇಕು ಮೇಡಂ, ಮನೇಲಿ ಸಿಗಲ್ಲ," ಎಂದು ಅವಳೇ ಹೇಳುತ್ತಿದ್ದಳು. ಭೇರ್ಯದ ಕಾಲುವೆ ಪಕ್ಕದ ಸ್ಟೇಜಿನಲ್ಲಿ ಅವಳು ಅವನಿಗಿಂತ ಬೇಗ ದಾಟಿದ್ದಳು. ಎರಡನೇ ದಿನ ಏನೂ ಆಗಬಹುದು ಎಂದು ಡಿಪೋದಲ್ಲೆಲ್ಲ ಮಾತು. ಕೋಟೆ ಕಡೆಯ ಊರಿನ ಒಪ್ಪಿಗೆಯನ್ನು ಕ್ಲರ್ಕ್ ಎಲ್ಲ ಸ್ಪರ್ಧಿಗಳಿಗೂ ಓದಿ ಹೇಳಿದ್ದರು.

ಆ ಸಂಜೆ ಅವನು ನನ್ನ ಟೆಂಟಿನ ಬಾಗಿಲಿಗೆ ಬಂದು ತಲೆನೋವು ಎಂದ. ಬೇಗ ರೂಮಿಗೆ ಹೋಗಿ ಮಲಗುತ್ತೇನೆ ಎಂದ. ಸ್ಟೂವರ್ಡ್ ಆದವಳು ಸ್ಪರ್ಧಿಗೆ ಸಲಹೆ ಕೊಡುವ ಹಾಗಿಲ್ಲ, ಮಾತ್ರೆ ಕೊಡಬಹುದು. ಕೊಟ್ಟೆ.

ಮರುದಿನ ಎಲ್ಲವೂ ಕ್ರಮವಾಗಿಯೇ ಶುರುವಾಯಿತು. ಸ್ಪರ್ಧಿಗಳಿಗಿಂತ ಮೊದಲು ಝೀರೋ ಕಾರ್ ಎಂಬ ಒಂದು ಕಾರು ಸ್ಟೇಜಿನ ಉದ್ದಕ್ಕೂ ಹೋಗಿ ದಾರಿ ಖಾಲಿ ಇದೆಯೇ ಎಂದು ನೋಡಿ ಬರುತ್ತದೆ. ಅದರಲ್ಲಿದ್ದವರು ರೇಡಿಯೋದಲ್ಲಿ ಹೇಳಿದರು: "ಡಾಂಬರು ಕ್ಲಿಯರ್. ಪಕ್ಕದಲ್ಲಿ ಗುಡ್ಡೆ ಹಾಕ್ಕೊಂಡು ಜನ ಕಾಯ್ತಿದ್ದಾರೆ. ಕೈ ಬೀಸ್ತಿದ್ದಾರೆ." ನನಗೆ ಹೆಮ್ಮೆಯಾಯಿತು. ಮಾತು ಉಳಿಸಿಕೊಂಡರು ಎಂದು ಕ್ಲರ್ಕ್‌ಗೆ ಹೇಳಿದೆ. ಕೆಂಪು ಕಾರು ಹೋಯಿತು. ಎರಡು ನಿಮಿಷಕ್ಕೆ ಬಿಳಿ ಕಾರು ಹೊರಟಿತು. ಆಮೇಲೆ ಆ ಸದ್ದು.

ಕ್ಲರ್ಕ್ ಸ್ಟೇಜ್ ನಿಲ್ಲಿಸಿದರು. ಉಳಿದ ಕಾರುಗಳಿಗೆಲ್ಲ ಕೆಂಪು ಬಾವುಟ. ಆಂಬುಲೆನ್ಸಿನ ಹಿಂದೆ ನಾವಿಬ್ಬರೂ ಜೀಪಿನಲ್ಲಿ ಹೋದೆವು. ಡಾಂಬರು ತುಂಬ ಹುರುಳಿ ಹರಡಿತ್ತು, ತಿರುವಿನ ಆಚೆಯ ಮಾರ್ಷಲ್‌ಗೆ ಅದು ಕಂಡಿರಲಿಲ್ಲ. ಅದರ ಮೇಲೆ ಎರಡು ಉದ್ದನೆಯ ಜಾರಿದ ಗುರುತು. ಬಿಳಿ ಕಾರು ತಿರುವು ತಪ್ಪಿ ಹೊಲಕ್ಕೆ ಇಳಿದು ರಾಗಿ ಹುಲ್ಲಿನ ಮೆದೆಗೆ ಒರಗಿ ಪಕ್ಕಕ್ಕೆ ಮಗುಚಿತ್ತು. ಚಕ್ರದ ಒಳಗೆ ಸುತ್ತಿಕೊಂಡ ಬಳ್ಳಿಯಿಂದ ಹೊಗೆ. ಬೆಂಕಿ ಮೆದೆಗೆ ಹತ್ತುವ ಮೊದಲೇ ಊರವರು ದನದ ತೊಟ್ಟಿಯ ನೀರು ತಂದು ಸುರಿದಿದ್ದರು. ಅವರೇ ಇಬ್ಬರನ್ನೂ ಹೊರಗೆ ಎಳೆದಿದ್ದರು. ಗಂಡನ ಭುಜದ ಮೂಳೆ ಮುರಿದಿತ್ತು. ಕಣ್ಣು ಮುಚ್ಚಿ, ಹಲ್ಲು ಕಚ್ಚಿ ಮಲಗಿದ್ದ. ಹುಡುಗಿ ಹೆಲ್ಮೆಟ್ಟನ್ನು ತೊಡೆಯ ಮೇಲಿಟ್ಟುಕೊಂಡು ರಸ್ತೆಯ ಅಂಚಿನಲ್ಲಿ ಕೂತಿದ್ದಳು.

"ನಮ್ಮ ನೋಟ್ಸಲ್ಲಿ ಹುರುಳಿ ಇರಲಿಲ್ಲ ಮೇಡಂ," ಎಂದಳು. ಅಷ್ಟೇ.

ಮೀಟಿಂಗಿನಲ್ಲಿ ಮಾತಾಡಿದ್ದ ಆ ಹೆಂಗಸಿನ ಕಡೆ ನಾನು ತಿರುಗಿದೆ. ಅವರ ಕೈಯಲ್ಲಿ ಹುರುಳಿ ಹರಡುವ ಕವೆಗೋಲು ಇನ್ನೂ ಇತ್ತು. "ಮಾತು ಕೊಟ್ಟು ಹೀಗೆ ಮಾಡಬಹುದೇನಮ್ಮಾ?" ಎಂದು ಕೇಳಿದೆ. ಎಲ್ಲರ ಎದುರಿಗೆ, ಸಣ್ಣ ದನಿಯಲ್ಲೇನೂ ಅಲ್ಲ. ಅವರು ನನ್ನ ಮುಖವನ್ನೇ ನೋಡಿದರು. ಅಷ್ಟರಲ್ಲಿ ಆಂಬುಲೆನ್ಸಿನವರು ಸ್ಟ್ರೆಚರ್ ಹಿಡಿಯಲು ಕರೆದರು.

ಡಿಪೋಗೆ ವಾಪಸಾದಾಗ ಕ್ಲರ್ಕ್ ಪೊಲೀಸ್ ಕಂಪ್ಲೇಂಟ್ ಬರೆಯಲು ಕೂತರು. ಮುಚ್ಚಿದ ರಸ್ತೆಗೆ ಅಡ್ಡಿ ಮಾಡಿ ಜೀವಕ್ಕೆ ಅಪಾಯ ತಂದದ್ದು. ಹರಡಿದವರಲ್ಲಿ ಮೊದಲ ಹೆಸರು ಆ ಹೆಂಗಸಿನದು. ಇನ್ಶೂರೆನ್ಸಿನವರು ಮೊದಲು ಕೇಳುವುದೇ ಕಂಪ್ಲೇಂಟನ್ನು ಎಂದರು. ನಾನು ಬೇಡ ಎನ್ನಲಿಲ್ಲ. ನನಗೆ ಆ ಊರಿನ ಮೇಲೆ ಎಷ್ಟು ಸಿಟ್ಟಿತ್ತೆಂದರೆ ಅವರು ಬರೆದದ್ದನ್ನು ಓದಲೂ ಮನಸ್ಸಿರಲಿಲ್ಲ.

ಆಗ ಅವನು ಬಂದ. ಎರಡು ಲೋಟ ಕಾಫಿ ಹಿಡಿದುಕೊಂಡು. ಒಂದನ್ನು ನನ್ನ ಮುಂದಿಟ್ಟು ಮಂಡಿಯೂರಿ ಕೂತ.

"ಆಂಟಿ, ನೀವು ಬೇಜಾರ್ ಮಾಡ್ಕೋಬೇಡಿ. ಹಳ್ಳಿ ಜನ, ಪಾಪ, ಅವರಿಗೆ ಗೊತ್ತಾಗಲ್ಲ. ಸುಗ್ಗಿ ಟೈಮು. ಪೊಲೀಸ್ ಅದು ಇದು ಬೇಡ. ವಯಸ್ಸಾದ ಹೆಂಗಸನ್ನ ಸ್ಟೇಷನ್ನಿಗೆ ಎಳೆಯೋದು ನಮಗೆ ಶೋಭೆ ಅಲ್ಲ. ಇಟ್ ವಾಸ್ ಆನ್ ಆಕ್ಸಿಡೆಂಟ್. ಬಿಟ್ಟುಬಿಡಿ."

ನನ್ನ ಕಣ್ಣು ಒದ್ದೆಯಾಯಿತು ಎಂದು ಬರೆಯಲು ಈಗ ಕೈ ಹಿಂಜರಿಯುತ್ತದೆ, ಆದರೆ ಆದದ್ದು ಹಾಗೆಯೇ. ಗೆಲ್ಲುವ ಆತುರದಲ್ಲಿರುವ ಹುಡುಗ, ಎಂಥ ಜಂಟಲ್‌ಮನ್ ಎಂದುಕೊಂಡೆ. ನಾನು ಕಲಿಸಿದ್ದು ವ್ಯರ್ಥವಾಗಲಿಲ್ಲ ಎಂದುಕೊಂಡೆ. ಅವನ ಮಾತಿನಿಂದಲೇ ನನಗೆ ನನ್ನ ಕೆಲಸ ನೆನಪಾಯಿತು. ಯಾರ ಮೇಲಾದರೂ ತಪ್ಪು ಹೊರಿಸುವ ಮೊದಲು ಅವರನ್ನು ಕೇಳಬೇಕು. ಸ್ಟೂವರ್ಡ್ ಕಲಿಯುವ ಮೊದಲ ಪಾಠ ಅದು.

"ಅವರೇನು ನಮ್ಮ ರ‍್ಯಾಲಿ ಲೈಸೆನ್ಸ್ ಹೋಲ್ಡರ್ಸಾ ಮೇಡಂ, ವಿಚಾರಣೆ ಮಾಡೋಕೆ?" ಎಂದರು ಕ್ಲರ್ಕ್.

"ಕೇಳೋಕೆ ಲೈಸೆನ್ಸ್ ಬೇಡ ಬನ್ನಿ," ಎಂದೆ. ಕಂಪ್ಲೇಂಟನ್ನು ಮಡಿಸಿ ಜೇಬಿಗಿಟ್ಟುಕೊಂಡು ಬಂದರು.

ಊರಿನಲ್ಲಿ ಯಾರೂ ಓಡಿಹೋಗಿರಲಿಲ್ಲ. ಡೈರಿಯ ಜಗಲಿಯಲ್ಲೇ ಕೂತಿದ್ದರು. ಆ ಹೆಂಗಸು ಮಾತ್ರ ನನಗೆ ಬೆನ್ನು ಮಾಡಿ ನಿಂತಿದ್ದರು. ಯಜಮಾನರು ಕರೆದರೂ ತಿರುಗಲಿಲ್ಲ.

"ಯಾಕಮ್ಮಾ ಹರಡಿದಿರಿ?" ಎಂದು ಕೇಳಿದೆ.

ಈಗ ತಿರುಗಿದರು. "ಯಾಕ್ ಅರಡುದ್ರಿ ಅಂತ ನಮ್ಮುನ್ ಕೇಳ್ತೀರಲ್ಲವ್ವಾ. ನೀವೇ ಯೋಳಿ ಕಳಿಸ್ಬುಟ್ಟು, ಜನದ್ ಮುಂದೆ ನಂಗೇ ಅಂಗಂದ್ರಿ. ನಾನೇನ್ ಮಾಡಿದ್ದೆ ನಿಮಗೆ?"

"ನಾನು ಹೇಳಿ ಕಳಿಸಲಿಲ್ಲ."

"ನಿಮ್ ಕಡೆಯೋರು ಬಂದಿದ್ರು. ಓದ್ ವರ್ಸ ನಿಮ್ ಜೊತೇಲಿ ಬಂದು ಮೆಟ್ಲು ಮ್ಯಾಲೆ ಕುಂತಿದ್ರಲ್ಲ, ಅವರು. ನೆನ್ನೆ ಸಂಜೆ, ದೀಪ ಅಚ್ಚೋ ಒತ್ತಲ್ಲಿ. ಮೇಡಮ್ಮೋರು ಯೋಳವ್ರೆ, ಕೊನೇ ಕಾರ್ ಗಂಟ ಕಾಯೋದ್ ಬ್ಯಾಡ, ಪಾಪ ನಿಮ್ಗೂ ಬಿಸ್ಲು ಓಯ್ತದೆ, ಮೊದಲ್ನೇ ಕಾರು ಓದ್ಮೇಲೆ ಅರಡ್ಕಳಿ ಅಂದ್ರು."

ಕ್ಲರ್ಕ್ ನನ್ನ ಕಡೆ ನೋಡಿದರು. ನಾನು ಆ ಹೆಂಗಸಿನ ಕಡೆಯೇ ನೋಡುತ್ತಿದ್ದೆ.

"ನಂಗೂ ಅನುಮಾನ ಬಂತು ಕಣವ್ವಾ. ಜಾರ್ತದೆ ಅಂದಿದ್ರಲ್ಲ ಮೇಡಮ್ಮೋರು ಅಂತ ಕೇಳ್ದೆ. ಮೊದಲ್ನೇದು ಒಂದೇ ಜೋರು, ಮಿಕ್ಕವೆಲ್ಲ ನಿಧಾನ ಅಂದ್ರು. ಅದ್ರ ಇಂದೆ ಒಂದು ಬಿಳೀ ಕಾರು ಬತ್ತದೆ, ಅದು ತೂಕದ್ದು, ಅದು ಬರೋದ್ರೊಳಗೆ ಅರಡ್ಬುಟ್ರೆ ಸಂದಾಗ್ ಒಕ್ಕಣೆ ಆಯ್ತದೆ, ಆಮೇಲ್ ಬರೋವೆಲ್ಲ ಅಗುರ ಅಂದ್ರು. ಅದಕ್ಕೇ ಏಳೆಂಟ್ ಜನ ಕವೆಗೋಲು ಇಟ್ಕಂಡು ನಿಂತಿದ್ವಿ."

ಹೇಳುತ್ತಾ ಹೇಳುತ್ತಾ ಅವರಿಗೇ ಏನೋ ಹೊಳೆಯಿತು. ಮಾತು ನಿಲ್ಲಿಸಿದರು. ನಾನು ಡೈರಿಯ ಬೆಂಚಿನ ಮೇಲೆ ಕೂತೆ. ಬಿಳಿ ಕಾರಿಗೂ ಅದರ ಹಿಂದಿನದಕ್ಕೂ ತೂಕದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ಇದ್ದ ವ್ಯತ್ಯಾಸ ಒಂದೇ, ಬಿಳಿಯದು ಅವನ ಹಿಂದೆಯೇ ಇತ್ತು. ಅದು ಗೊತ್ತಾದದ್ದೂ ಹಿಂದಿನ ಸಂಜೆಯೇ. ಅಂದರೆ ನನ್ನ ಕೈಯಿಂದ ಮಾತ್ರೆ ತೆಗೆದುಕೊಂಡು ಅವನು ಬಂದದ್ದು ಇಲ್ಲಿಗೆ. ಆಗ ಡಿಪೋದಲ್ಲಿ ಕಾಫಿ ತಂದು ಪಾಪ ಎಂದನಲ್ಲ, ಆ ಪಾಪ ಯಾರಿಗೆಂದು ಆಗ ಅರ್ಥವಾಯಿತು. ಪೊಲೀಸರು ಬಂದರೆ ಈ ಹೆಂಗಸನ್ನು ಯಾಕೆ ಹರಡಿದಿರಿ ಎಂದು ಕೇಳುತ್ತಾರೆ. ಅದನ್ನು ಯಾರೂ ಕೇಳಬಾರದಿತ್ತು.

ಕ್ಲರ್ಕ್ ನನ್ನನ್ನು ಪಕ್ಕಕ್ಕೆ ಕರೆದರು. ಒಳ್ಳೆಯ ಮನುಷ್ಯ, ಅವರ ದನಿಯಲ್ಲಿ ನಿಜವಾದ ಮರುಕವಿತ್ತು. "ಮೇಡಂ, ಕಂಪ್ಲೇಂಟ್ ಹರಿದು ಹಾಕ್ತೀನಿ. ಸ್ಟೇಜ್ ಕ್ಯಾನ್ಸಲ್ ಅಂತ ಬರೆಯೋಣ. ಯಾರ ಹೆಸರೂ ಬೇಡ. ಈ ಅಮ್ಮನಿಗೂ ತೊಂದರೆ ಇಲ್ಲ, ನಿಮ್ಮ ಹುಡುಗನೂ ಉಳೀತಾನೆ. ಅವನ ಲೈಸೆನ್ಸ್ ಹೋದ್ರೆ ನಿಮಗೇ ಹೊಟ್ಟೆ ಉರಿಯೋದು."

ಅವರು ಹೇಳಿದ್ದು ಸುಳ್ಳಲ್ಲ. ನಾನು ಜಗಲಿಗೆ ವಾಪಸು ಬಂದು ಕೂತೆ. ಕಾನ್ವೆಂಟಿನಲ್ಲಿ ನಮಗೆ ಥ್ರೋಬಾಲ್ ಆಡಿಸುತ್ತಿದ್ದ ಸಿಸ್ಟರ್ ಒಬ್ಬರಿದ್ದರು. ಚೆಂಡು ಯಾರ ಕೈಗೆ ತಾಗಿ ಹೊರಗೆ ಹೋಯಿತೆಂದು ತೀರ್ಪುಗಾರರಿಗೆ ಕಾಣದಿದ್ದರೆ ಆಟ ನಿಲ್ಲಿಸಿ "ಓನ್ ಅಪ್, ಗರ್ಲ್ಸ್", ಅಂದರೆ ಮಾಡಿದವರೇ ಒಪ್ಪಿಕೊಳ್ಳಿ, ಎಂದು ಕಾಯುತ್ತಿದ್ದರು. ಯಾರಾದರೂ ಕೈ ಎತ್ತುವವರೆಗೂ ಆಟವಿಲ್ಲ. ಬಿಸಿಲಿನಲ್ಲಿ ನಿಂತು ನಿಂತು ನಮಗೆ ಸಾಕಾಗುತ್ತಿತ್ತು. ಆಗ ಅದು ಬರೀ ಹಠ ಎನಿಸುತ್ತಿತ್ತು. ಯಾರೂ ಕೈ ಎತ್ತದೆ ಆಟ ಮುಂದುವರಿದರೆ ಅನುಮಾನ ಮೈದಾನದಲ್ಲಿರುವ ಎಲ್ಲರ ಮೇಲೂ ಉಳಿಯುತ್ತದೆ ಎಂಬುದು ಆ ಜಗಲಿಯಲ್ಲಿ ಕೂತಾಗ ತಿಳಿಯಿತು. ಹೆಸರಿಲ್ಲದೆ ಮುಚ್ಚಿಹಾಕಿದರೆ ಜನ ಹೇಳುವುದು ಇಷ್ಟೇ: ಆ ಊರಿನವರು ಮಾತು ಕೊಟ್ಟು ತಪ್ಪಿದರು, ಮೇಡಂ ದೊಡ್ಡ ಮನಸ್ಸು ಮಾಡಿ ಬಿಟ್ಟರು.

"ಸ್ಟೂವರ್ಡ್ಸ್ ಮೀಟಿಂಗ್ ಕರೀರಿ," ಎಂದೆ. "ಇಲ್ಲಿಗೇ. ಅವನನ್ನೂ ಕರೆಸಿ."

"ರೂಲ್ ಪ್ರಕಾರ ಸ್ಟೂವರ್ಡ್ಸ್ ರೂಮಲ್ಲಿ ಆಗ್ಬೇಕು ಮೇಡಂ."

"ನಾವು ಮೂರು ಜನ ಎಲ್ಲಿ ಕೂತ್ಕೋತೀವೋ ಅದೇ ಸ್ಟೂವರ್ಡ್ಸ್ ರೂಮು."

ಉಳಿದ ಇಬ್ಬರು ಸ್ಟೂವರ್ಡ್‌ಗಳು ಬಂದರು. ಅವನು ನನ್ನ ಶಿಷ್ಯನಾದ್ದರಿಂದ ಪ್ರಶ್ನೆ ಕೇಳುವುದು ನಾನು, ತೀರ್ಮಾನ ನಿಮ್ಮಿಬ್ಬರದೇ ಎಂದು ಮೊದಲೇ ಹೇಳಿದೆ. ಅವನು ಬಂದಾಗ ಅದೇ ರೇಸಿಂಗ್ ಸೂಟಿನಲ್ಲಿದ್ದ. ಜಗಲಿಯ ಮೇಲಿದ್ದವರನ್ನು, ಕವೆಗೋಲುಗಳನ್ನು ನೋಡಿದ. ನಾನು ತೋರಿಸಿದ ಕುರ್ಚಿಯಲ್ಲಿ ಕೂತ.

ನಿನ್ನೆ ಸಂಜೆ ಈ ಊರಿಗೆ ಬಂದಿದ್ದೆಯಾ ಎಂದು ಕೇಳಿದೆ. ಇಲ್ಲ, ರೂಮಿನಲ್ಲಿ ಮಲಗಿದ್ದೆ ಎಂದ.

"ಯಾಕ್ ಸುಳ್ಳೇಳ್ತೀರಿ ಬುಡಿ," ಎಂದರು ಆ ಹೆಂಗಸು. "ನಮ್ ಅಟ್ಟೀಲಿ ಮಜ್ಜಿಗೆ ಕುಡುದ್ರಿ. ಉಪ್ಪು ಜಾಸ್ತಿ ಆಯ್ತು ಅಂತ್ಲೂ ಅಂದ್ರಿ."

ಜನರಲ್ಲಿ ಸಣ್ಣ ನಗು ಎದ್ದು ಅಲ್ಲಿಯೇ ಅಡಗಿತು. ಅವನು ನನ್ನ ಕಡೆ ಬಾಗಿದ. ದನಿ ಇಳಿಸಿದ. "ಆಂಟಿ, ಪ್ಲೀಸ್. ನಾಟ್ ಹಿಯರ್. ಐ ವಿಲ್ ಟೆಲ್ ಯೂ ಎವ್ರಿಥಿಂಗ್. ಓನ್ಲಿ ಟು ಯೂ."

ನಾನೂ ಅವನೂ ಕಾರಿನೊಳಗೆ ಮಾತಾಡುತ್ತಿದ್ದದ್ದು ಇಂಗ್ಲಿಷಿನಲ್ಲಿ. ನನ್ನ ಕಾನ್ವೆಂಟಿನ ಇಂಗ್ಲಿಷನ್ನು ಅವನು ಹಾಸ್ಯ ಮಾಡುತ್ತಿದ್ದ, ಆಮೇಲೆ ಅದನ್ನೇ ಕಲಿತ. ಎಷ್ಟೋ ಮಧ್ಯಾಹ್ನಗಳು ಹಾಗೆ ಕಳೆದಿದ್ದವು. ಆ ಭಾಷೆಯನ್ನು ಈಗ ಆ ಜನ ಒಳಗೆ ಬರದಿರಲೆಂದು ಬಾಗಿಲ ಹಾಗೆ ಎಳೆದುಕೊಳ್ಳುತ್ತಿದ್ದ.

"ಕನ್ನಡದಲ್ಲಿ ಹೇಳು," ಎಂದೆ. "ಇವರಿಗೂ ಕೇಳಬೇಕು."

ನೆಲ ನೋಡುತ್ತಾ ಹೇಳಿದ. ಯಾರಿಗೂ ಪೆಟ್ಟಾಗಲಿ ಎಂದು ಮಾಡಲಿಲ್ಲ. ದೂರದಿಂದ ಹುರುಳಿ ಕಂಡರೆ ಅವಳು ಬ್ರೇಕ್ ಹಿಡಿಯುತ್ತಾಳೆ, ನಾಲ್ಕೈದು ಸೆಕೆಂಡ್ ಹೋಗುತ್ತದೆ, ಅಷ್ಟೇ ಸಾಕಿತ್ತು. ಅವಳು ಅಷ್ಟು ವೇಗವಾಗಿ ಬರುತ್ತಾಳೆಂದು ಎಣಿಸಿರಲಿಲ್ಲ.

"ನನ್ನ ಹೆಸರು ಯಾಕೆ ಹೇಳಿದೆ?"

ಅವನಿಗೆ ಆ ಪ್ರಶ್ನೆ ವಿಚಿತ್ರವಾಗಿ ಕಂಡಿರಬೇಕು. ತಲೆ ಎತ್ತಿ ನೇರವಾಗಿ ನೋಡಿದ. "ನಿಮ್ಮ ಹೆಸರು ಹೇಳದೆ ಇದ್ದಿದ್ರೆ ಅವರು ಒಪ್ತಿರಲಿಲ್ಲ ಆಂಟಿ."

ಆ ದಿನ ಅವನು ಆಡಿದ್ದರಲ್ಲಿ ಅದೊಂದು ಪೂರ್ತಿ ನಿಜವಾದ ಮಾತು. ನನ್ನ ಮುಂದೆ ಇನ್ನೊಂದು ಪ್ರಶ್ನೆ ಇರಲಿಲ್ಲ.

ಇಬ್ಬರು ಸ್ಟೂವರ್ಡ್‌ಗಳು ಡೈರಿಯ ಒಳಗೆ, ಹಾಲಿನ ಕ್ಯಾನುಗಳ ನಡುವೆ ನಿಂತು ಮಾತಾಡಿ ಹೊರಗೆ ಬಂದರು. ರ‍್ಯಾಲಿಯಿಂದ ಹೊರಗೆ, ಲೈಸೆನ್ಸ್ ರದ್ದು ಮಾಡಲು ಮೇಲಿನವರಿಗೆ ಶಿಫಾರಸು. ಹುರುಳಿ ಹರಡಿದವರು ಸಂಘಟಕರ ಅಪ್ಪಣೆ ಎಂದು ನಂಬಿ ಹರಡಿದರು, ಅವರ ತಪ್ಪಿಲ್ಲ ಎಂಬ ಸಾಲನ್ನು ನಾನು ಸೇರಿಸಲು ಹೇಳಿದೆ. ಆ ಸಾಲಿದ್ದರೆ ಇನ್ಶೂರೆನ್ಸಿನವರು ದುಡ್ಡು ಕೊಡುವುದಿಲ್ಲ, ಖರ್ಚು ಕ್ಲಬ್ಬಿನ ಮೇಲೆ ಬರುತ್ತದೆ ಎಂದು ಕ್ಲರ್ಕ್‌ಗೆ ಗೊತ್ತಿತ್ತು. ನನಗೂ ಗೊತ್ತಿತ್ತು. ಸಹಿ ಹಾಕಿದೆ. ಕ್ಲರ್ಕ್ ಜೇಬಿನಿಂದ ಕಂಪ್ಲೇಂಟ್ ತೆಗೆದು ಹರಿದರು, ಆಮೇಲೆ ಆ ದಿನ ನನ್ನೊಂದಿಗೆ ಮಾತಾಡಲಿಲ್ಲ.

ತೀರ್ಮಾನವನ್ನು ನಾನೇ ಎದ್ದು ನಿಂತು ಊರವರಿಗೆ ಓದಿ ಹೇಳಿದೆ. ಆ ಹೆಂಗಸಿಗೆ ಎಲ್ಲರೂ ಕೇಳುವ ಹಾಗೆ, "ಬೆಳಗ್ಗೆ ನಾನು ಅಂದದ್ದು ತಪ್ಪಮ್ಮಾ. ನೀವು ಮಾತು ತಪ್ಪಲಿಲ್ಲ," ಎಂದೆ. ಅವರು ಸೆರಗಿನಿಂದ ಬಾಯಿ ಒರೆಸಿಕೊಂಡರು. "ಆ ಮಗೀನ ಗಂಡಂಗೆ ವಾಸಿಯಾದ್ರೆ ಸಾಕು ಬುಡಿ," ಎಂದರು. ಆಮೇಲೆ ಅವನ ಕಡೆ ನೋಡಿ, "ಆಟ ನಿಂದು. ನಮ್ ಕೈಲಿ ಯಾಕ್ ಮಾಡುಸ್ದಪ್ಪಾ?" ಎಂದು ಕೇಳಿದರು. ಅವನು ಕೈಯಲ್ಲಿದ್ದ ಗ್ಲೌಸು ಮಡಿಸುತ್ತಾ ಕೂತಿದ್ದ.

ಯಜಮಾನರು ನಮ್ಮನ್ನು ಜೀಪಿನ ತನಕ ಬಿಡಲು ಬಂದರು. ಮುಂದಿನ ವರ್ಷದ ಮಾತನ್ನು ನಾನು ಎತ್ತಿರಲಿಲ್ಲ. ಅವರೇ ಎತ್ತಿದರು.

"ಇನ್ ರಸ್ತೆ ಕೇಳೋಕೆ ಬರ್ಬ್ಯಾಡಿ ಮೇಡಮ್ಮೋರೆ. ಸಿಟ್ಟಿಂದ ಯೋಳ್ತಿಲ್ಲ. ನೀವ್ ನ್ಯಾಯವಾಗ್ ನಡ್ಕಂಡ್ರಿ. ಆದ್ರೆ ನಾಳೆ ಇನ್ಯಾರೋ ಬಂದು ನಿಮ್ ಹೆಸರೇಳುದ್ರೆ ನಾವ್ ಎಂಗೆ ತಿಳ್ಕಳದು? ನಿಮ್ ಮಾತ್ನ ನಂಬಿದ್ವಿ. ಇನ್ಮ್ಯಾಕೆ ಅದು ಆಗಾಕಿಲ್ಲ."

ನಾನು ತಲೆಯಾಡಿಸಿದೆ. ಅವರು ಕೈ ಮುಗಿದರು. ಆ ನಮಸ್ಕಾರದಲ್ಲಿ ಗೌರವವೇನೂ ಕಡಿಮೆ ಇರಲಿಲ್ಲ, ಅದೇ ಕಷ್ಟವಾಯಿತು. ಆಮೇಲಿನ ವರ್ಷಗಳಲ್ಲಿ ನಾನು ಯಾವ ಊರಿನ ಜಗಲಿಗೂ ಹೋಗಲಿಲ್ಲ. ಬಿಳಿ ಕಾರಿನ ಹುಡುಗಿಯ ಗಂಡ ಸುಧಾರಿಸಿಕೊಂಡ, ಈಗಲೂ ಅವಳ ಪಕ್ಕದಲ್ಲಿ ಕೂರುತ್ತಾನೆ ಎಂದು ಕೇಳಿದ್ದೇನೆ. ಅವರು ಕಾರು ಓಡಿಸುವುದು ಬೇರೆ ಜಿಲ್ಲೆಗಳಲ್ಲಿ.

ಅವನನ್ನು ನಾನು ಕೊನೆಯ ಸಲ ನೋಡಿದ್ದು ಅದೇ ದಿನ, ಡಿಪೋದಲ್ಲಿ. ಕೆಂಪು ಕಾರನ್ನು ಟ್ರೈಲರಿಗೆ ಹತ್ತಿಸಿ ಚಕ್ರಗಳಿಗೆ ಪಟ್ಟಿ ಬಿಗಿಯುತ್ತಿದ್ದ. ನಾನು ಬ್ಯಾಗು ಹಿಡಿದು ಗೇಟಿನ ಕಡೆ ಹೊರಟಿದ್ದೆ. ಕೈಯೊರೆಸಿಕೊಂಡು ಹತ್ತಿರ ಬಂದ.

"ಮನೆಗೆ ಬಿಡಲಾ ಆಂಟಿ? ನಾನೂ ಆ ಕಡೇನೇ ಹೋಗ್ತಿರೋದು."

ಅದರಲ್ಲಿ ನಾಟಕವಿರಲಿಲ್ಲ. ಅವನಿಗೆ ನಿಜವಾಗಿಯೂ ನನ್ನನ್ನು ಬಿಡಬೇಕಿತ್ತು, ದಾರಿಯಲ್ಲಿ ಬಹುಶಃ ಟೀ ಕೊಡಿಸುತ್ತಿದ್ದ. ಬೇಡಪ್ಪಾ, ಬಸ್ಸಿದೆ ಎಂದೆ. ಸರಿ ಎಂದ. ಬ್ಯಾಗಿನ ಕಡೆ ಕೈ ಚಾಚಿ, ಚಾಚಿದ್ದನ್ನು ಹಿಂದಕ್ಕೆ ಎಳೆದುಕೊಂಡ.

ಕೆ.ಆರ್. ನಗರದ ಬಸ್ಸಿನಲ್ಲಿ ನನಗೆ ಬಲಗಡೆಯ ಕಿಟಕಿ ಸಿಕ್ಕಿತು. ಹುಣಸೂರು ದಾಟಿ ಸ್ವಲ್ಪ ದೂರ ಬಂದ ಮೇಲೆ ಹಿಂದಿನಿಂದ ಹಾರನ್ ಕೇಳಿತು. ಅವನ ಜೀಪು, ಹಿಂದೆ ಟ್ರೈಲರು. ಇಂಡಿಕೇಟರ್ ಹಾಕಿ, ಎದುರಿನ ಸ್ಕೂಟರು ದಾಟುವವರೆಗೆ ಕಾದು, ಬಸ್ಸಿಗೆ ಬೇಕಾದಷ್ಟು ಜಾಗ ಬಿಟ್ಟು ನಿಧಾನವಾಗಿ ಮುಂದೆ ಹೋದ. ಒಂದು ತಪ್ಪೂ ಹುಡುಕುವಂತಿರಲಿಲ್ಲ. ದಾಟಿದ ಮೇಲೆ ಕಿಟಕಿಯಿಂದ ಕೈ ಹೊರಗೆ ಹಾಕಿ ಡ್ರೈವರಿಗೆ ಥ್ಯಾಂಕ್ಸ್ ಹೇಳಿದ. ನಮ್ಮ ಡ್ರೈವರು, "ಒಳ್ಳೆ ಮನುಸ ಕಣಯ್ಯ, ಈಗಿನ ಹುಡುಗ್ರು ಇಷ್ಟ್ ಮರ್ಯಾದೆ ಎಲ್ ಕೊಡ್ತಾರೆ?" ಎಂದು ಕಂಡಕ್ಟರಿಗೆ ಹೇಳಿದ. ನಾನು ಟಿಕೆಟ್ಟಿಗೆ ಕೈ ಚಾಚಿದೆ. ಕೆಂಪು ಕಾರು ತಿರುವಿನಲ್ಲಿ ಮರೆಯಾಯಿತು.